‘ಅಂತೆ’ ಬಿಟ್ಟು ಬರೆದ ಸಾಲು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಕೂತಾಗಲೆಲ್ಲ ಪೆನ್ನು ಸರಿಯಿಲ್ಲ, ಕನ್ನಡಕ ಮಬ್ಬಾಗಿದೆ ಎಂದು ಏನಾದರೊಂದು ನೆಪ ಸಿಗುತ್ತಿತ್ತು. ಈಚೆಗೆ ಹಾಸನದ ಪಾರ್ಕಿನಲ್ಲಿ ನನ್ನ ವಯಸ್ಸಿನವರು ಸಂಜೆ ಸೇರಿದರೆ ಇದೇ ಮಾತು. ಮೊಬೈಲಿನಲ್ಲಿ ಸುಳ್ಳು ಸುದ್ದಿ ಹರಡುವವರನ್ನು ಸರ್ಕಾರ ಕಾನೂನು ತಂದು ಹಿಡಿಯಬೇಕೋ ಬೇಡವೋ? ಒಬ್ಬರು “ಎತ್ತಿ ಒಳಗೆ ಹಾಕಬೇಕು ಕಣ್ರೀ” ಅನ್ನುತ್ತಾರೆ. ಇನ್ನೊಬ್ಬರು “ಹಂಗಾದ್ರೆ ನಾಳೆ ನೀವು ಕೆಮ್ಮಿದ್ರೂ ಕೇಸೇ” ಅನ್ನುತ್ತಾರೆ. ನನ್ನನ್ನು ಕೇಳಿದರೆ ನಕ್ಕು ಮಾತು ಬದಲಿಸುತ್ತೇನೆ. ಮೊಬೈಲು ಬರುವ ಮೊದಲೇ ನಾನು ಆ ಕೆಲಸ ಮಾಡಿ ಮುಗಿಸಿದ್ದೆ ಎಂದು ಅವರಿಗೆ ಗೊತ್ತಿಲ್ಲ.

ತೊಂಬತ್ತರ ದಶಕದಲ್ಲಿ ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ನಾನು ಪೇಪರ್ ಏಜೆಂಟನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಅಕ್ಷರ ಮಾತ್ರ ಮುತ್ತಿನ ಹಾಗೆ ದುಂಡಗಿತ್ತು. ಅಂಗಡಿಯ ಮುಂದೆ ಒಂದು ಕಪ್ಪು ಬೋರ್ಡು ನಿಲ್ಲಿಸಿಕೊಂಡಿದ್ದೆ. ಹಾಸನದಿಂದ ಮೊದಲ ಬಸ್ಸಿಗೆ ಪೇಪರ್ ಕಟ್ಟು ಬಂದ ಕೂಡಲೇ ದೊಡ್ಡ ಸುದ್ದಿಗಳ ತಲೆಬರಹವನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಪೇಪರ್ ಕೊಳ್ಳುವವರು ಹತ್ತು ಜನವಾದರೆ ಬೋರ್ಡು ಓದುವವರು ನೂರು ಜನ. ಅರಕಲಗೂಡಿನ ಬಸ್ಸಿನ ಕಂಡಕ್ಟರು ಓದಿಕೊಂಡು ಹೊರಟರೆ ಸುದ್ದಿ ಬಸ್ಸಿನ ಜೊತೆಗೇ ಊರೂರಲ್ಲಿ ಇಳಿಯುತ್ತಿತ್ತು. “ಪೇಪರಣ್ಣ ಬೋರ್ಡಲ್ಲಿ ಬರ್ದವ್ನೆ” ಅಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಆ ಮಾತು ಕಿವಿಗೆ ಬಿದ್ದಾಗ ನನಗೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು.

ಒಂದು ದಿನ ಪೇಪರ್ ತರುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಎಂಟು ಗಂಟೆಯಾದರೂ ಬೋರ್ಡು ಖಾಲಿ. ಪಕ್ಕದ ಹೋಟೆಲಿನ ಜಗಲಿಯಲ್ಲಿ ಕೂತವರು ಶುರುಮಾಡಿದರು.

“ಏನಪ್ಪಾ ಪೇಪರಣ್ಣ, ಲೋಕದಾಗೆ ಇವತ್ತು ಏನೂ ನಡೀನೇ ಇಲ್ವಾ?”

“ಸೀಮೆಸುಣ್ಣ ತಿಂದ್ಬುಟ್ಟವ್ನೆ ಕಣ್ಲಾ!”

ಅವರಲ್ಲೇ ಒಬ್ಬ ಟೀ ಲೋಟ ಕೆಳಗಿಟ್ಟು ಹೇಳಿದ. “ಸುದ್ದಿ ಬೇಕಾ? ತಗಾ. ಹೊಳೆಯಾಚೆ ಹಾಲಿನೋಳ ಅಸುಗೆ ಹುಚ್ಚುನಾಯಿ ಕಚ್ಚೈತಂತೆ. ನಮ್ಮ ಬೀದಿಲೆಲ್ಲ ಅವಳದೇ ಹಾಲು.”

ಹೊಳೆಯಾಚೆಯ ಹಾಲಿನವಳು ಎಂದರೆ ಎಲ್ಲರಿಗೂ ಗೊತ್ತಿದ್ದವಳು. ನಲವತ್ತರ ಆಸುಪಾಸಿನ ವಿಧವೆ. ಎರಡು ಹಸು ಕಟ್ಟಿಕೊಂಡು, ದಿನಾ ಬೆಳಿಗ್ಗೆ ಸೇತುವೆ ದಾಟಿ ಬಂದು, ಮನೆಮನೆಗೆ ವರ್ತನೆಯ ಹಾಲು ಹಾಕುತ್ತಿದ್ದಳು. ನಮ್ಮ ಮನೆಗೂ ಆಕೆಯದೇ. ಅಳತೆ ಹಾಕಿದ ಮೇಲೆ ಪಾತ್ರೆಯಿಂದ ಇನ್ನೊಂದು ಧಾರೆ ಬಿಟ್ಟು “ಇದು ಕೊಸರು” ಅನ್ನುತ್ತಿದ್ದಳು. ಆ ಮಾತು ಹೇಳದೆ ಒಂದು ದಿನವೂ ಹೊಸಿಲು ಬಿಟ್ಟು ಹೋದವಳಲ್ಲ.

ನಾನು ಎದ್ದು ಬರೆದೆ: ‘ಹೊಳೆಯಾಚೆಯ ಹಾಲಿನ ಹಸುವಿಗೆ ಹುಚ್ಚುನಾಯಿ ಕಡಿತ. ಹಾಲು ಕುಡಿದವರೇ ಎಚ್ಚರ!’

ಅವನು ಹೇಳಿದ್ದು ‘ಕಚ್ಚೈತಂತೆ’ ಎಂದು. ಬೋರ್ಡಿನಲ್ಲಿ ನಾನು ‘ಅಂತೆ’ ಬರೆಯಲಿಲ್ಲ. ಪೇಪರಿನ ತಲೆಬರಹದಲ್ಲಿ ಎಲ್ಲಿಯಾದರೂ ‘ಅಂತೆ’ ಇರುತ್ತದೆಯೇ? ‘ಅಂತೆ’ ಸೇರಿಸಿದರೆ ಹೆಂಗಸರ ಬಾವಿಕಟ್ಟೆ ಮಾತಾಗುತ್ತದೆ, ತೆಗೆದರೆ ಸುದ್ದಿಯಾಗುತ್ತದೆ ಎಂದುಕೊಂಡಿದ್ದೆ. ನಮ್ಮ ಹಿರಿಯರು ಭಾಷೆಯಲ್ಲಿ ಆ ಎರಡಕ್ಷರ ಇಟ್ಟಿದ್ದೇ, ಕಂಡದ್ದು ಬೇರೆ ಕೇಳಿದ್ದು ಬೇರೆ ಎಂದು ಪ್ರತಿ ಮಾತಿನ ಕೊನೆಗೂ ನೆನಪಾಗಲಿ ಎಂದು. ಅದು ನನಗೆ ಹೊಳೆದದ್ದು ಬಹಳ ತಡವಾಗಿ.

ಹತ್ತು ಗಂಟೆಯೊಳಗೆ ಆಸ್ಪತ್ರೆಯ ಮುಂದೆ ಸಾಲು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹೆದರಿಕೆ ಆಗ ಎಲ್ಲರಿಗೂ ಇತ್ತು, ಆದರೂ ಬಂದು ನಿಂತಿದ್ದರು. ಕಾಯಿಸಿದ ಹಾಲು ಕುಡಿದರೆ ಭಯವಿಲ್ಲ ಎಂದು ಡಾಕ್ಟರು ಹೊರಗೆ ಬಂದು ಕೂಗಿ ಹೇಳಿದರೂ ಯಾರೂ ಕದಲಲಿಲ್ಲ. ಹಟ ಹಿಡಿದವರಿಗೆಲ್ಲ ಹಾಕಿ ಸೂಜಿಮದ್ದು ಮುಗಿದು, ನಿಜವಾಗಿ ನಾಯಿ ಕಚ್ಚಿಸಿಕೊಂಡು ಬಂದ ಒಬ್ಬ ಮುದುಕನನ್ನು ಹಾಸನಕ್ಕೆ ಕಳಿಸಬೇಕಾಯಿತು.

ಮಧ್ಯಾಹ್ನ ಊಟಕ್ಕೆ ಹೋದಾಗ ನನ್ನ ಹೆಂಡತಿ ಅನ್ನ ಬಡಿಸುತ್ತಾ ಒಂದೇ ಮಾತು ಕೇಳಿದಳು. “ರೀ, ಬೆಳಿಗ್ಗೆ ನೀವು ಕುಡಿದು ಹೋದ ಕಾಫಿ ಯಾವ ಹಾಲಿಂದು?”

ಬರೆಯುವುದಕ್ಕೆ ಒಂದು ಗಂಟೆ ಮುಂಚೆ ನಾನು ಕುಡಿದದ್ದು ಅದೇ ಹಾಲಿನ ಕಾಫಿ. ಆಸ್ಪತ್ರೆಯ ಸಾಲಿನಲ್ಲಿ ನಾನು ನಿಲ್ಲಲಿಲ್ಲ. ನಿಲ್ಲಬೇಕೆಂದು ಅನಿಸಲೂ ಇಲ್ಲ. ಅಂದರೆ ನಾನು ಬರೆದದ್ದನ್ನು ನಾನೇ ನಂಬಿರಲಿಲ್ಲ. ನನ್ನ ತಪ್ಪು ಇರುವುದು ಇಲ್ಲಿ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳಲು ಆ ಒಂದು ಲೋಟ ಕಾಫಿ ನನ್ನನ್ನು ಬಿಡುವುದಿಲ್ಲ.

ಮಾರನೆಯ ದಿನ ಆಕೆ ಅಂಗಡಿಗೆ ಬಂದಳು. ಕೈಯಲ್ಲಿ ದನದ ಡಾಕ್ಟರು ಕೊಟ್ಟ ಚೀಟಿ.

“ಪೇಪರಣ್ಣ, ನಾಯೀನೂ ಇಲ್ಲ ನರೀನೂ ಇಲ್ಲ. ಬೇಲಿ ತಂತಿ ಗೀರ್ಬುಟ್ಟು ಗಾಯ ಆಗೈತೆ. ಡಾಕ್ಟ್ರು ಬರ್ಕೊಟ್ಟವ್ರೆ, ನೋಡು. ಇದ್ನೂ ಅಂಗೇ ದಪ್ಪಕ್ಷರದಾಗೆ ಬರಿ. ನಿನ್ನೆಯಿಂದ ಒಂದು ಮನೇಲೂ ಪಾತ್ರೆ ಒಡ್ಡಿಲ್ಲ. ಹಾಲ್ನೆಲ್ಲ ಹೊಳೆಗೆ ಸುರ್ದೆ ಕಣಣ್ಣ.”

“ಬರೀತೀನಿ ಬಿಡಮ್ಮ, ನಾಳೆ” ಎಂದೆ.

ಆಕೆ ಹೋಗಲಿಲ್ಲ. ನನ್ನ ಮುಖವನ್ನೇ ನೋಡಿ, “ನೀನೂ ನಮ್ಮ ಹಾಲೇ ಕುಡ್ದಿದ್ದಲ್ವಾ? ನೀನು ಸೂಜಿ ಆಕಿಸ್ಕಂಡ್ಯಾ?” ಎಂದಳು.

ಜಗಲಿಯವರೆಲ್ಲ ಕಿವಿ ನಿಮಿರಿಸಿದ್ದರು. “ಹೂಂ, ಹಾಕಿಸ್ಕೊಂಡೆ” ಎಂದೆ. ಬೋರ್ಡಿನ ಸುಳ್ಳಿಗಿಂತ ಅದು ದೊಡ್ಡ ಸುಳ್ಳು. ಏಜೆಂಟನೇ ಸೂಜಿ ಹಾಕಿಸಿಕೊಂಡಿದ್ದಾನೆ ಎಂದ ಮೇಲೆ ದನದ ಡಾಕ್ಟರ ಚೀಟಿಗೆ ಏನು ಬೆಲೆ? ಆಕೆ ಚೀಟಿಯನ್ನು ಮಡಿಸಿ ಸೆರಗಿಗೆ ಗಂಟು ಹಾಕಿಕೊಂಡು ಹೋದಳು.

ನಾಳೆ ಎಂದದ್ದು ನಾಲ್ಕು ದಿನವಾಯಿತು. ಕೊನೆಗೆ ಬೋರ್ಡಿನ ತಳದಲ್ಲಿ, ಪೇಪರಿನ ಬೆಲೆ ಬರೆಯುವ ಜಾಗದ ಪಕ್ಕ, ‘ಹಸುವಿನ ಸುದ್ದಿ ಸರಿಯಲ್ಲ’ ಎಂದು ಸಣ್ಣದಾಗಿ ಬರೆದೆ. ಬಗ್ಗಿ ನೋಡಿದವರಿಗೆ ಮಾತ್ರ ಕಾಣುತ್ತಿತ್ತು. ಬಗ್ಗುವವರು ಯಾರು? ಆಕೆಯ ವರ್ತನೆ ಮನೆಗಳು ಒಂದೂ ಉಳಿಯಲಿಲ್ಲ. ಎರಡು ಹಸುವನ್ನೂ ಬಾಗೂರಿನ ಕಡೆಗೆ ಹೊಡೆದುಕೊಂಡು ಹೋಗಿ ಸಿಕ್ಕಷ್ಟಕ್ಕೆ ಮಾರಿದಳಂತೆ. ಈ ‘ಅಂತೆ’ಯನ್ನು ಬೇಕೆಂದೇ ಇಟ್ಟಿದ್ದೇನೆ. ನಾನು ನೋಡಿದ್ದಲ್ಲ, ಕೇಳಿದ್ದು.

ಆಸ್ಪತ್ರೆಯ ಗಲಾಟೆ ಮೇಲಿನವರಿಗೆ ಮುಟ್ಟಿ ತಾಲ್ಲೂಕು ಕಚೇರಿಯಿಂದ ಕರೆ ಬಂತು. ಜವಾನ ಬಂದು ಒದ್ದೆ ಬಟ್ಟೆಯಲ್ಲಿ ಬೋರ್ಡು ಒರೆಸಿದ. ನಾನು ಅಧಿಕಾರಿಯ ಮುಂದೆ ಕೈಕಟ್ಟಿ ನಿಂತು ತಪ್ಪೊಪ್ಪಿಗೆ ಬರೆದುಕೊಟ್ಟೆ, ದುಂಡು ಅಕ್ಷರದಲ್ಲಿ. ಇನ್ನು ಮೇಲೆ ಊರ ಸುದ್ದಿ ಬರೆಯುವ ಮುಂಚೆ ತೋರಿಸಿ ಒಪ್ಪಿಗೆ ಪಡೆಯಬೇಕು ಎಂದರು. ಸರಿ ಎಂದೆ. ನನ್ನಂಥವನಿಗೆ ಅದು ಆಗಬೇಕಾದದ್ದೇ.

ಆದರೆ ಎರಡು ತಿಂಗಳಿಗೆ ನಮ್ಮ ಬೀದಿಯ ನಲ್ಲಿಯಲ್ಲಿ ಕೆಂಪು ನೀರು, ಅದರಲ್ಲಿ ಹುಳ. ನಮ್ಮ ಮನೆಯ ಬಿಂದಿಗೆಯಲ್ಲೇ ಕಂಡದ್ದು, ‘ಅಂತೆ’ಯ ಹಂಗಿಲ್ಲದ್ದು. ‘ನೀರು ಕಾಯಿಸಿ ಕುಡಿಯಿರಿ’ ಎಂದು ಬರೆಯಲು ಒಪ್ಪಿಗೆ ಕೇಳಿದೆ. “ಜನ ಗಾಬರಿಯಾಗ್ತಾರೆ, ಬೇಡ” ಎಂದರು. ಬರೆಯಲಿಲ್ಲ. ಸುಳ್ಳನ್ನು ಒರೆಸಿದ ಬಟ್ಟೆಯೇ ನಿಜವನ್ನೂ ಒರೆಸಿತು. ಬೀದಿಯಲ್ಲಿ ಮೂರು ಮನೆಯವರು ವಾಂತಿ ಭೇದಿಯಾಗಿ ಮಲಗಿದರು.

ಅದಕ್ಕೇ ಪಾರ್ಕಿನಲ್ಲಿ ನಾನು ಯಾವ ಕಡೆಗೂ ಸೇರುವುದಿಲ್ಲ. ಯಾವುದು ನಿಜ ಎಂದು ಹೇಳುವ ಸೀಮೆಸುಣ್ಣವನ್ನು ಸರ್ಕಾರದ ಕೈಗೆ ಕೊಡಬಾರದು. ಹಾಗೆಂದು ನನ್ನಂಥವರನ್ನು ಸುಮ್ಮನೆ ಬಿಡಲೂ ಬಾರದು. ಯಾರು ಹೇಳಿದ್ದು ಎಂದು ಬರೆಯಲಿ. ತಪ್ಪಾದರೆ, ತಪ್ಪು ಬರೆದಷ್ಟೇ ದಪ್ಪ ಅಕ್ಷರದಲ್ಲಿ, ಅದೇ ಜಾಗದಲ್ಲಿ, ಮಾರನೆಯ ದಿನವೇ ತಿದ್ದಿ ಬರೆಯಲಿ. ಕಾನೂನು ಇಷ್ಟು ಮಾಡಿಸಿದರೆ ಸಾಕು. ಆ ದಿನ ಅಷ್ಟು ಮಾಡಿಸುವವರು ಇದ್ದಿದ್ದರೆ ಆಕೆಯ ಹಸುಗಳು ಕೊಟ್ಟಿಗೆಯಲ್ಲೇ ಇರುತ್ತಿದ್ದವು. ಆದರೂ ಒಂದನ್ನು ಹೇಳಬೇಕು. ಕಾಫಿ ಕುಡಿದು ಬಂದು ಬರೆದವನ ಒಳಗಿದ್ದದ್ದನ್ನು ಯಾವ ಕಾನೂನೂ ಮುಟ್ಟುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ನಂತರ, ಏಜೆನ್ಸಿ ಬಿಟ್ಟ ಮೇಲೆ, ಒಂದು ಮದುವೆಗೆಂದು ಅರಕಲಗೂಡಿಗೆ ಹೋಗಿದ್ದೆ. ವಾಪಸ್ಸು ಬರುವಾಗ ಬಸ್ಸಿನ ಕಿಟಕಿಗೆ ಸೌತೆಕಾಯಿ ಬುಟ್ಟಿ ಎತ್ತಿ ಹಿಡಿದದ್ದು ಆಕೆಯೇ. ತಲೆ ಪೂರ್ತಿ ನರೆತಿತ್ತು. ನಾನು ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆ. ಆಕೆ ಬೆರಳಲ್ಲಿ ಅದನ್ನು ಕೆಳಗೆ ಮಾಡಿದಳು.

“ಪೇಪರಣ್ಣ ಅಲ್ವಾ? ಈಗ್ಲೂ ಪೇಪರೇನಾ?” ಎಂದು ನಕ್ಕಳು.

ಎರಡು ಕೊಂಡೆ. ಸೀಳಿ ಉಪ್ಪು ಖಾರ ಹಚ್ಚಿ ಕೊಟ್ಟಳು. ಡ್ರೈವರು ಗೇರು ಹಾಕಿದ. ತಪ್ಪಾಯಿತು ಎನ್ನಬೇಕಿತ್ತು. ನಾನು ಹೇಳಿದ್ದು “ಚೆನ್ನಾಗಿದೀಯೇನಮ್ಮ?” ಎಂದಷ್ಟೇ. ಹೊರಟ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದು, ಇನ್ನೊಂದು ಎಳೆಕಾಯಿಯನ್ನು ಕಿಟಕಿಯೊಳಗೆ ಹಾಕಿದಳು.

“ಇದು ಕೊಸರು ಕಣಣ್ಣ.”

ಅಧಿಕಾರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟಿದ್ದೆ. ಆಸ್ಪತ್ರೆಯ ಡಾಕ್ಟರ ಹತ್ತಿರ ಹೋಗಿ ತಪ್ಪಾಯಿತು ಎಂದಿದ್ದೆ. ಹೆಂಡತಿಯನ್ನು ಅವಳ ಕೊನೆಯ ಕಾಯಿಲೆಯಲ್ಲಿ ಕ್ಷಮೆ ಕೇಳಿಕೊಂಡೆ. ಕೇಳದೆ ಉಳಿದದ್ದು ಒಬ್ಬಳನ್ನೇ: ಒಂಬತ್ತು ವರ್ಷ ನಮ್ಮ ಮನೆಗೆ ಅಳತೆಯ ಮೇಲೆ ಕೊಸರು ಹಾಕಿದ, ಹೊಳೆಯಾಚೆಯ ಹಾಲಿನಕ್ಕ.