ಐವತ್ತೆರಡು ದಿನದ ಕೊಯ್ಲು

ಗೆಳೆಯರೇ, ಇವತ್ತು ಕಡೂರು ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಹಳೇ ಲೆಕ್ಕದ ಮೇಷ್ಟ್ರು ಸಿಕ್ಕಿದರು. ಗುರುತು ಹಿಡಿದವರೇ ರೇಗಿದರು: "ನಿಮ್ಮಿಂದ ನಂಗೆ ನೋಟೀಸ್ ಬಂದಿತ್ತು ಕಣೇ!"

ಎಪ್ಪತ್ತರ ದಶಕದ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. ಎಂಟು ಆಳು ಆರು ದಿನದಲ್ಲಿ ಕೊಯ್ಯುವ ರಾಗಿ ಹೊಲವನ್ನು ಹನ್ನೆರಡು ಆಳು ಎಷ್ಟು ದಿನದಲ್ಲಿ ಕೊಯ್ಯುತ್ತಾರೆ ಎಂದು ಕೇಳಿದ್ದರು. ನಮ್ಮೂರ ಸರ್ಕಾರಿ ಶಾಲೆಯ ಅಷ್ಟೂ ಮಕ್ಕಳು ಐವತ್ತೆರಡು ಎಂದು ಬರೆದಿದ್ದೆವು. ಕೊಯ್ಲಿಗೆ ನಾಲ್ಕು ದಿನ ಸರಿ. ಆದರೆ ಕೂಲಿಯ ಬದಲು, ಬಂದ ಹನ್ನೆರಡು ಜನರ ಹೊಲದಲ್ಲೂ ನಾವು ನಾಲ್ಕು ನಾಲ್ಕು ದಿನ ದುಡಿದು ಮುಯ್ಯಿ ತೀರಿಸಬೇಡವೇ?

"ಕಾಪಿ ಹೊಡೆದ್ವಿ ಅಂತ ಇಲಾಖೆಯವ್ರು ಅಂದ್ಕೊಂಡ್ರಾ ಸಾರ್?"

"ಹೂಂ ಕಣಮ್ಮ. ಸರಿ ಉತ್ತರ ನೀವೇ ಹೇಳ್ರೀ ಅಂದ್ರು ವಿಚಾರಣೆಗೆ ಬಂದ ಸಾಹೇಬ್ರು. ನಾನೂ ಐವತ್ತೆರಡು ಅಂದ್ಬಿಟ್ಟೆ."

ಆ ವರ್ಷ ಮೇಷ್ಟ್ರಿಗೆ ದಿಢೀರನೆ ವರ್ಗವಾದದ್ದೇಕೆಂದು ನನಗೆ ಇವತ್ತು ತಿಳಿಯಿತು.