ಹೊಡೆದುಹಾಕಿದ ಹಾಳೆಗಳು

ಅವರ ಬಲಗೈಯ ನಡುಬೆರಳಿನ ಪಕ್ಕದಲ್ಲಿ, ಪೆನ್ನು ಒತ್ತಿ ಒತ್ತಿ, ಹುಣಸೆಬೀಜದಷ್ಟು ಗಂಟು ಎದ್ದಿತ್ತು. ಇಂಗ್ಲೆಂಡಿನ ಕೊವೆಂಟ್ರಿಯ ಕಾರು ಕಾರ್ಖಾನೆಯಲ್ಲಿ ಸ್ಪ್ಯಾನರ್ ಹಿಡಿದ ನನ್ನ ಅಂಗೈಯಲ್ಲೂ ಅಂಥವಿದ್ದವು. ನಾವು ಅವರ ಪಕ್ಕದ ಮನೆಗೆ ಬಂದ ದಿನವೇ ಬೇಲಿಯಾಚೆಯಿಂದ ನನ್ನ ಕೈ ನೋಡಿ, "ನಾವಿಬ್ಬರೂ ಕೂಲಿಯವರೇ" ಎಂದು ನಕ್ಕಿದ್ದರು.

ಅವರು ಕೆನಡಾದ ಕವಿ. ಮದುವೆಯಾಗಿ ಈ ದೇಶಕ್ಕೆ ಬಂದು, ಗಂಡ ತೀರಿದ ಮೇಲೂ ಇಲ್ಲೇ ಉಳಿದವರು. ನನ್ನ ಹೆಂಡತಿ ಅವರನ್ನು ಕೆನಡಾ ಅಮ್ಮ ಎನ್ನುತ್ತಿದ್ದಳು. ಅಡುಗೆಮನೆಯ ಮೇಜಿನಲ್ಲಿ ಬರೆಯುವುದು, ಗೀಟೆಳೆದು ಹೊಡೆಯುವುದು, ಮತ್ತೆ ಬರೆಯುವುದು. ಇದೇ ಅವರ ದಿನಚರಿ.

"ರೀ, ಆಯಮ್ಮ ಬರೆಯೋದಕ್ಕಿಂತ ಹೊಡೆದುಹಾಕೋದೇ ಜಾಸ್ತಿ" ಎಂದು ಇವಳು ಹಾಸ್ಯ ಮಾಡುತ್ತಿದ್ದಳು. ನಾನದನ್ನು ಅವರಿಗೇ ಹೇಳಿದೆ. "ಸರಿಯಾಗಿ ಹೇಳಿದಳು. ನನ್ನ ನಿಜವಾದ ಕೆಲಸ ಆ ಗೀಟುಗಳಲ್ಲೇ ಇರೋದು" ಎಂದರು. ತಮಾಷೆ ಎಂದುಕೊಂಡೆ.

ಅವರು ಲಕ್ವ ಹೊಡೆದು ಆಸ್ಪತ್ರೆ ಸೇರುವ ಹೊತ್ತಿಗೆ, ಅವರ ಕಾಗದಪತ್ರಗಳನ್ನು ಕೆನಡಾದ ಅವರ ಹುಟ್ಟೂರಿನ ಗ್ರಂಥಾಲಯ ಕೇಳಿತ್ತು. "ಗುರುವಾರ ಬರ್ತಾರೆ. ಅಟ್ಟದ ಪೆಟ್ಟಿಗೆಗಳನ್ನ ಕೆಳಗಿಳಿಸಿಡಿ, ಅಷ್ಟು ಸಾಕು" ಎಂದು ತೊದಲುತ್ತ ನನ್ನ ಕೈಗೆ ಬೀಗದ ಕೈ ಕೊಟ್ಟರು.

ಅಷ್ಟೇ ಮಾಡಬೇಕಿತ್ತು. ನಾನು ಪೆಟ್ಟಿಗೆಗಳನ್ನು ತೆರೆದೆ. ಒಂದೊಂದು ಪದ್ಯಕ್ಕೂ ಹತ್ತು ಹದಿನೈದು ಹಾಳೆ, ಮೈತುಂಬ ಗೀಟು, ಚಹಾದ ಕಲೆ. ದಾವಣಗೆರೆಯ ಹೈಸ್ಕೂಲಿನಲ್ಲಿ ನಮಗೆ ರಫ್ ಪುಸ್ತಕ ಬೇರೆ, ಫೇರ್ ಪುಸ್ತಕ ಬೇರೆ. ಫೇರ್ ಪುಸ್ತಕದಲ್ಲಿ ಒಂದು ಗೀಟು ಕಂಡರೂ ಮೇಷ್ಟ್ರು ಬೆರಳ ಗಿಣ್ಣಿಗೆ ಹೊಡೆಯುತ್ತಿದ್ದರು. ವರ್ಷ ಮುಗಿದರೆ ರಫ್ ಪುಸ್ತಕ ಶೇಂಗಾ ಕಟ್ಟಲು ಹೋಗುತ್ತಿತ್ತು. ಹೊರಗಿನವರ ಮುಂದೆ ಕೆನಡಾ ಅಮ್ಮನ ಮಾನ ಹೋಗಬಾರದೆಂದು, ಎರಡು ದಿನ ಕೂತು ಶುದ್ಧ ಪ್ರತಿಗಳನ್ನಷ್ಟೇ ಜೋಡಿಸಿಟ್ಟೆ. ಉಳಿದದ್ದನ್ನೆಲ್ಲ ಮರುಬಳಕೆಯ ಬಿನ್ನಿಗೆ ತುಂಬಿದೆ. ಬುಧವಾರ ಕೌನ್ಸಿಲ್‌ನ ಕಸದ ಲಾರಿ ಒಯ್ದಿತು.

ಗುರುವಾರ ಬಂದ ಗ್ರಂಥಾಲಯದ ಹೆಂಗಸು ಪೆಟ್ಟಿಗೆಗಳನ್ನು ತಡಕಾಡಿ, "ಕರಡುಗಳೆಲ್ಲಿ? ಇವೆಲ್ಲ ಆಗಲೇ ಪುಸ್ತಕಗಳಲ್ಲಿ ಅಚ್ಚಾಗಿವೆ. ನಾನು ಬಂದಿದ್ದೇ ಕರಡುಗಳಿಗೆ" ಎಂದಳು.

"ಅವರೇ ಹರಿದುಹಾಕಿದರು" ಎಂದೆ. ಆಕೆ ಅದನ್ನು ಬರೆದುಕೊಂಡಳು.

ಸಂಜೆ ಆಸ್ಪತ್ರೆಯಲ್ಲಿ ಕೆನಡಾ ಅಮ್ಮ, "ಹಾಳೆಗಳು ನಮ್ಮೂರು ಸೇರುತ್ತವಲ್ಲ?" ಎಂದು ಕೇಳಿದರು. "ಸೇರುತ್ತವೆ" ಎಂದೆ. ಗಂಟಿನ ಬೆರಳಿನಿಂದ ನನ್ನ ಅಂಗೈ ಒತ್ತಿದರು. ಆ ವಾರವೇ ತೀರಿಕೊಂಡರು.

ಕರಡುಗಳನ್ನು ಕವಿಯೇ ನಾಶಪಡಿಸಿದರು ಎಂದು ಆ ಗ್ರಂಥಾಲಯದ ಪಟ್ಟಿಯಲ್ಲಿ ಇಂದಿಗೂ ಇದೆ. ನನ್ನ ಸುಳ್ಳು ಅವರ ಹೆಸರಿನಲ್ಲಿ ಕೂತಿದೆ.

ಹೋದ ವಾರ ಹೆಂಡತಿಯ ಅಡುಗೆ ಪುಸ್ತಕದೊಳಗೆ ಒಂದು ಹಾಳೆ ಸಿಕ್ಕಿತು. ಹಿಂದೊಮ್ಮೆ ಕೆನಡಾ ಅಮ್ಮ ಸೇಬಿನ ಜಾಮ್ ಮಾಡುವ ಬಗೆ ಬರೆದುಕೊಟ್ಟದ್ದು. ಹಿಂಬದಿಯಲ್ಲಿ ಪದ್ಯದ ನಾಲ್ಕು ಸಾಲು, ಎಲ್ಲೆಲ್ಲೂ ಗೀಟು.

"ಇದೊಂದನ್ನಾದರೂ ಕಳಿಸಿ. ಉಳಿದದ್ದನ್ನ ಎಸೆದದ್ದು ಯಾರು ಅಂತಾನೂ ಬರೀರಿ" ಎಂದಳು ಇವಳು.

ಹಾಳೆಯ ಜೊತೆ ಗ್ರಂಥಾಲಯಕ್ಕೆ ಪತ್ರ ಹಾಕುತ್ತಿದ್ದೇನೆ. ಐದು ಸಲ ಬರೆದು ಹೊಡೆದಿದ್ದೇನೆ. ಫೇರ್ ಮಾಡದೆ ಐದನ್ನೂ ಲಕೋಟೆಯೊಳಗೆ ಇಟ್ಟಿದ್ದೇನೆ. ಮೊದಲನೆಯದರಲ್ಲಿ 'ಗೊತ್ತಿಲ್ಲದೆ ಎಸೆದೆ' ಎಂಬ ಮಾತಿತ್ತು. 'ಗೊತ್ತಿಲ್ಲದೆ' ಎಂಬುದರ ಮೇಲೆ ಗೀಟು ಎಳೆದಿದ್ದೇನೆ.