ಅಂಚಿನಲ್ಲಿ ಬರೆದದ್ದು

ನನ್ನ ಗಂಡನ ಹೆಸರು ಅಚ್ಯುತ. ಅವರು ಇದ್ದಷ್ಟು ದಿನ ಈ ಹೆಸರನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಹೋದ ಮೇಲೆ ಏಳು ಫಾರಮ್ಮುಗಳಲ್ಲಿ ಬರೆದೆ. ರೂಢಿಯಾಯಿತು.

ಊರು ಗದಗ. ಬರೋಡಾ ಸ್ಟೇಶನ್ನಿನ ಪಾರ್ಸೆಲ್ ಆಫೀಸಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದರು. ಮಾತು ಕಡಿಮೆ. ಸಾರಿಗೆ ಉಪ್ಪು ಹಾಕದಿದ್ದರೂ ಸುಮ್ಮನೆ ಉಂಡು ಏಳುತ್ತಿದ್ದರು. ೧೯೬೬ರ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಆಫೀಸಿನ ಮೇಜಿಗೆ ತಲೆಯಿಟ್ಟರು. ಮತ್ತೆ ಎತ್ತಲಿಲ್ಲ. ಎಂಟು ದಿನದಿಂದ ಎದೆ ಉಜ್ಜಿಕೊಳ್ಳುತ್ತಿದ್ದರೆಂದು ಜೊತೆಯವರು ಆಮೇಲೆ ಹೇಳಿದರು. ನೋವು ಅಂತ ನನಗೆ ಒಂದು ದಿನವೂ ಹೇಳಲಿಲ್ಲ.

ಫಾರಮ್ಮಿಗೆ ಅವರ ಹುಟ್ಟಿದ ತಾರೀಖು ಬೇಕಾಗಿ ಟ್ರಂಕು ತೆಗೆದೆ. ತಳದಲ್ಲಿ ನಮ್ಮ ಅತ್ತೆಯ ಹಾಡಿನ ಪುಸ್ತಕ ಸಿಕ್ಕಿತು. ಇದೆ ಎಂಬುದೇ ಮರೆತಿತ್ತು.

ಅತ್ತೆ ಸಾವಿತ್ರಿಬಾಯಿಗೆ ಓದುಬರಹ ಇರಲಿಲ್ಲ. ಆರತಿ ಹಾಡು, ಹಸೆ ಹಾಡು, ಬೀಗರನ್ನು ಹಂಗಿಸುವ ಹಾಡು ಎಲ್ಲ ಬಾಯಲ್ಲಿದ್ದವು. ಆಗ ಹತ್ತು ವರ್ಷದವರಾಗಿದ್ದ ನನ್ನ ಗಂಡನನ್ನು ಕೂಡಿಸಿ, "ನಾ ಹೇಳಿದ್ದೆಲ್ಲಾ ಬರಿ" ಅಂದರಂತೆ. ಹೇಳಿದ್ದನ್ನೆಲ್ಲ ಇವರು ಬರೆದರು. ಆರತಿ ಹಾಡಿನ ನಡುವೆ "ಹಾಲು ಉಕ್ಕಿತು, ತಡಿ, ಬಂದೆ" ಅಂತಲೂ ಬರೆದರು. ಯಾರದೋ ಮದುವೆಯಲ್ಲಿ ಒಬ್ಬಾಕೆ ಪುಸ್ತಕ ನೋಡಿ ಹಾಡುತ್ತ ಅದನ್ನೂ ರಾಗವಾಗಿ ಹಾಡಿದಳು. ಅಂದಿನಿಂದ ಅತ್ತೆ, "ಹಾಡಲ್ಲದ್ದು ಅಂಚಿಗೆ ಬರಿ" ಅಂದರು. ಬರೆಯಬೇಡ ಅನ್ನಲಿಲ್ಲ. ಇವರೂ ಬಿಡಲಿಲ್ಲ. ಪುಸ್ತಕ ತಿರುಗಿಸಿ ಅಂಚಿನ ಉದ್ದಕ್ಕೂ ಬರೆದರು.

"ಮೂಗು ಒರಸಿಕೊ, ಹಾಳಿಮ್ಯಾಲೆ ಬೀಳ್ತದ."

"ಈ ಹಾಡು ಪದ್ಮಾವತಿಗೆ ಕೊಡಬ್ಯಾಡ. ಆಕಿ ದನಿ ಕತ್ತಿ ಒದರಿದಂಗದ."

ಹಾಡುಗಳು ಊರಿಗೆಲ್ಲ ಗೊತ್ತು. ಅಂಚಿನದು ಈ ಪುಸ್ತಕದಲ್ಲಿ ಮಾತ್ರ ಇದೆ, ಅದೂ ನನ್ನ ಗಂಡನ ಕೈಬರಹದಲ್ಲಿ. ಅದು ಉಳಿಯಬೇಕಿತ್ತು.

ಹೊಲಿಗೆ ಹರಿದು ಹಾಳೆ ಬಿಡಿಯಾಗಿದ್ದವು. ಬರೋಡಾದ ಮಾಂಡವಿ ಪೇಟೆಯಲ್ಲಿ ಅಂಗಡಿಕಾರರ ಲೆಕ್ಕದ ಕೆಂಪು ವಹಿ ಕಟ್ಟುವ ಜೇಠಾಭಾಯಿಗೆ ಒಯ್ದುಕೊಟ್ಟೆ. ಅವನಿಗೆ ಕನ್ನಡ ಬಾರದು. ಹಾಳೆ ಅದಲುಬದಲಾಗಬಾರದೆಂದು ಹೊಲಿಗೆ ಬದಿಯ ಮೂಲೆಯಲ್ಲಿ ಗುಜರಾತಿ ಅಂಕಿ ಹಾಕಿದ್ದೆ. ಬಸ್ಸಿನ ನಂಬರು ನೋಡಿ ಕಲಿತದ್ದು. ಬಹಳ ಜಾಣತನ ಮಾಡಿದೆ ಅಂದುಕೊಂಡೆ.

ಮರುದಿನ ಊಟಕ್ಕೆ ಕೂತಾಗ ಮಗಳು ರಜನಿ ಅಂದಳು, "ಅವ್ವಾ, ಅವ್ರು ಸೈಡ್ ಕಟ್ ಮಾಡ್ತಾರಲ್ಲಾ? ನನ್ನ ನೋಟ್‌ಬುಕ್ಕಿಗೆ ಹಂಗೇ ಮಾಡಿದ್ರು."

"ನಿನ್ನೆ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲಲಾ."

ಅಪ್ಪನ ಮಗಳು. ಕೈ ತೊಳೆದು ಓಡಿದೆ.

ಪುಸ್ತಕ ಹೊಲಿದಾಗಿತ್ತು. ಒತ್ತುಹಲಗೆಯಲ್ಲಿ ಬಿಗಿದು ಮುಂಭಾಗದ ಅಂಚು ಕತ್ತರಿಸಿಯೂ ಆಗಿತ್ತು. ಮೇಲಿನ ಅಂಚಿಗೆ ಕತ್ತಿ ಇಟ್ಟಿದ್ದ.

"ನಿಲ್ಲಿಸಿ" ಅಂದೆ. ನನ್ನ ಗುಜರಾತಿ ತರಕಾರಿ ಕೊಳ್ಳುವಷ್ಟರದು.

"ಬೇನ್, ಇನ್ನೆರಡು ಬದಿ ಇದೆ. ಸೊಟ್ಟ ಪುಸ್ತಕ ನನ್ನ ಅಂಗಡಿಯಿಂದ ಹೊರಗೆ ಹೋಗಿಲ್ಲ. ನಮ್ಮ ಅಪ್ಪನ ಕಾಲದಿಂದ ಹೋಗಿಲ್ಲ. ಜನ ನನ್ನ ಹೆಸರು ತೆಗೆದು ನಗ್ತಾರೆ."

"ನಿಮ್ಮ ಹೆಸರು ನಾನು ಹೇಳೋದಿಲ್ಲ. ಹೆಸರು ಹೇಳದೆ ಇರೋದು ನನಗೆ ಅಭ್ಯಾಸ ಇದೆ."

ಕತ್ತಿ ಕೆಳಗಿಟ್ಟ. ನಾನು ನೆಲದಲ್ಲಿ ಕೂತು ಬುಟ್ಟಿಯಿಂದ ಬೆರಳಗಲದ ಪಟ್ಟಿಗಳನ್ನು ಆರಿಸತೊಡಗಿದೆ. ಬೇರೆಯವರ ಚೂರುಗಳೂ ಅದರಲ್ಲಿ ಬೆರೆತಿದ್ದವು. ಸ್ವಲ್ಪ ಹೊತ್ತು ನೋಡಿ ಅವನು ಕೇಳಿದ:

"ಏನು ಬರೆದಿದೆ? ಮಂತ್ರವೇ?"

"ನಮ್ಮ ಅತ್ತೆ ಬೈದದ್ದು."

"ಅದನ್ನು ಇಟ್ಟುಕೊಳ್ತೀರಾ?"

"ಹೌದು."

ಅವನು ಒಂದು ಡಬ್ಬಿ ಅಂಟು ಕೊಟ್ಟ. "ಮನೆಯ ಹಿಟ್ಟಿನ ಅಂಟು ಹಚ್ಚಬೇಡಿ, ಹುಳ ಬರ್ತವೆ. ಇದರಲ್ಲಿ ಮೈಲುತುತ್ತ ಹಾಕಿದೆ. ವಿಷ. ನಾಲಿಗೆಗೆ ತಾಗಿಸಬೇಡಿ" ಅಂದ. ಕೂಡಿಸಿದ ಸಂದಿಗೆ ಹಚ್ಚಲು ಒಂದು ಸುರುಳಿ ತೆಳು ಕಾಗದವನ್ನೂ ಕೊಟ್ಟ.

ಅಂಟಿಸಲು ಎರಡು ತಿಂಗಳು ಹಿಡಿಯಿತು. ತುಂಡಾದ ಅಕ್ಷರ ಕೂಡಿಸಿ ಕೆಲವನ್ನು ಹೊಂದಿಸಿದೆ. ಎಣ್ಣೆ ಕಲೆ ನೋಡಿ ಕೆಲವನ್ನು ಹೊಂದಿಸಿದೆವು. ರಜನಿಗೆ ಕನ್ನಡ ಓದಲು ಬಾರದು, ಕಲೆ ಹೊಂದಿಸಲು ಬರುತ್ತದೆ. ಪುಸ್ತಕ ಈಗ ಒಂದು ಕಡೆ ಉಬ್ಬಿದೆ. ಸರಿಯಾಗಿ ಮುಚ್ಚುವುದಿಲ್ಲ.

ಕೊನೆಗೆ ಒಂದೇ ಪಟ್ಟಿ ಉಳಿಯಿತು. ಅಕ್ಷರ ಪೂರ್ತಿ ಇತ್ತು, ಕಲೆ ಇರಲಿಲ್ಲ. ಯಾವ ಹಾಳೆಯದೋ ತಿಳಿಯಲಿಲ್ಲ. ಅದು ಅತ್ತೆಯ ಮಾತೂ ಅಲ್ಲ. ಪಟ್ಟಿಯಲ್ಲಿ ಬರೆದದ್ದು ಇಷ್ಟೇ:

"ಅವ್ವಾ ಸಾಕು. ಕೈ ನೋಯ್ತದ."

"ಏನದ ಅದರಾಗ?" ಅಂತ ರಜನಿ ಕೇಳಿದಳು. ಓದಿ ಹೇಳಿದೆ.

"ಅಪ್ಪ ಹೇಳಿದ್ದಾ?"

"ಹೂಂ."

ಅವಳು ಅಂಟಿನ ಡಬ್ಬಿ ನನ್ನ ಕಡೆ ಸರಿಸಿದಳು. ಪಟ್ಟಿಯನ್ನು ಕೊನೆಯ ಹಾಳೆಗೆ ಅಂಟಿಸಿದೆ. ಉಳಿದವಕ್ಕೆ ಒಂದು ಸಲ ಅಂಟು ಹಚ್ಚಿದ್ದೆ, ಇದಕ್ಕೆ ಎರಡು ಸಲ ಹಚ್ಚಿದೆ.